ಆರು ಪದರದ ಸನ್ಮಾನ

ನಮ್ಮಣ್ಣ ಚಂದ್ರಶೇಖರಯ್ಯನ ಬೀರುವಿನಲ್ಲಿ ನೂರಾ ಹನ್ನೆರಡು ಶಾಲುಗಳಿದ್ದವು. ಎಲ್ಲವೂ ಸನ್ಮಾನದವು. ನಿವೃತ್ತರ ಸಂಘವೊಂದಕ್ಕೆ ಅಧ್ಯಕ್ಷನಾದ ಮೇಲೆ ಅವನಿಗೆ ಬೇರೆ ಕಸುಬೇ ಇರಲಿಲ್ಲ. ಒಂದು ಭಾನುವಾರ ಹಾಸನದಲ್ಲಿ ಇವನು ಯಾರಿಗೋ ಹೊದಿಸುವುದು, ಮುಂದಿನ ಭಾನುವಾರ ಹೊಳೆನರಸೀಪುರದಲ್ಲಿ ಅವರು ಇವನಿಗೆ ಹೊದಿಸುವುದು. ಯಾವ ಸಾಧನೆಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದರೆ ಎಲ್ಲರ ಬಂಡವಾಳವೂ ಬಯಲಾಗುತ್ತಿತ್ತು.

ನಾನು ಬರೆಯಹೊರಟಿದ್ದು ಅವನ ಬಗ್ಗೆ ಅಲ್ಲ. ಅವನನ್ನು ಹೊಗಳಿ ಬರೆದ ಸನ್ಮಾನಪತ್ರಗಳು ಗೋಡೆ ತುಂಬ ಇವೆ. ನಾನು ಹೇಳಬೇಕಾದ್ದು ಅತ್ತಿಗೆ ಗಂಗಾಂಬಿಕೆಯ ವಿಷಯ. ಚನ್ನರಾಯಪಟ್ಟಣದ ನಮ್ಮ ಬೀದಿಯಲ್ಲಿ ಮೂವತ್ತು ವರ್ಷದಿಂದ ರವಿಕೆ ಹೊಲಿಯುತ್ತಿರುವವರು. ಉಬ್ಬಸದ ದೇಹ. ಚಳಿಗಾಲದ ಬೆಳಗ್ಗೆ ಅಂಗಳ ಗುಡಿಸಿ, ರಂಗೋಲಿ ಹಾಕಿ, ಡೈರಿಯಿಂದ ಹಾಲು ತರುವಷ್ಟರಲ್ಲಿ ಎದೆ ಸಿಳ್ಳೆ ಹೊಡೆಯುತ್ತಿತ್ತು.

ಹೋದ ಕಾರ್ತಿಕದಲ್ಲಿ ಡಾಕ್ಟರು, ಬೆಚ್ಚಗಿರದಿದ್ದರೆ ಈ ಸಲ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದರು. ಅತ್ತಿಗೆ ಅಣ್ಣನ ಹತ್ತಿರ ಒಂದು ಶಾಲು ಕೇಳಿದರು. ನಾನು ಅಲ್ಲೇ ಇದ್ದೆ.

"ಅದು ಸನ್ಮಾನದ್ದು ಕಣೆ, ಚಳಿಗಲ್ಲ," ಎಂದ ಆ ಪುಣ್ಯಾತ್ಮ.

ನನಗೆ ಮೈಯೆಲ್ಲ ಉರಿದುಹೋಯಿತು. ಶಾಲುಗಳ ನಡುವೆ ನುಸಿಗುಳಿಗೆ ಇಡುವ ಚಾಕರಿ ಅತ್ತಿಗೆಯದೇ ಆದ್ದರಿಂದ ಬೀರುವಿನ ಕೀಲಿ ಅವರ ಬಳಿಯೇ ಇತ್ತು. ಮುಂದಿನ ಭಾನುವಾರ ಅಣ್ಣ ಹಾರ ಹಾಕಿಸಿಕೊಳ್ಳಲು ಹೋದಾಗ ನನ್ನನ್ನು ಕರೆದು ಬೀರು ತೆರೆದರು. ಅವರ ಅಜ್ಜಿ ಕೌದಿ ಹೊಲಿಯುತ್ತಿದ್ದರಂತೆ. ಹಾಗೆಯೇ ಪದರದ ಮೇಲೆ ಪದರ ಇಟ್ಟು ಒಂದು ಕೋಟು ಹೊಲಿಯುವುದು ಅವರ ಯೋಚನೆ.

ಬಟ್ಟೆ ಆರಿಸಲು ಕೂತೆವು. ಅತ್ತಿಗೆ ಒಂದೊಂದೇ ಶಾಲನ್ನು ಕವರಿನಿಂದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಶಾಲಿನಾಚೆ ಪಕ್ಕದ ಮನೆಯ ತೆಂಗಿನಮರ ಕಾಯಿಸಮೇತ ಕಾಣುತ್ತಿತ್ತು. ಉಣ್ಣೆಯ ಎಳೆ ಒಂದರಲ್ಲೂ ಇಲ್ಲ. ಜರಿ ಮುಟ್ಟಿದರೆ ಕೈ ಕೆರೆಯುತ್ತಿತ್ತು. ಇಂಥವನ್ನು ಹೊದ್ದು ಆ ಮನುಷ್ಯ ಎದೆಯುಬ್ಬಿಸಿ ಫೋಟೋ ತೆಗೆಸಿಕೊಳ್ಳುತ್ತಿದ್ದ. ಅತ್ತಿಗೆ ಎರಡು ಪದರ ಇಟ್ಟು ನೋಡಿದರು, ನಾಲ್ಕು ಇಟ್ಟರು. ಆರು ಸೇರಿದ ಮೇಲೆ ಕೈಗೆ ಬೆಚ್ಚಗಾಯಿತು. ಆರು ಸನ್ಮಾನಕ್ಕೆ ಒಂದು ಕಂಬಳಿ ಎಂದು ನಕ್ಕರು. ಮೇಲುಬಟ್ಟೆಗೆ ರವಿಕೆ ಹೊಲಿದು ಉಳಿದ ಚೂರುಗಳನ್ನು ಜೋಡಿಸಿಕೊಂಡರು. ಖಾಲಿಯಾದ ಕವರುಗಳಿಗೆ ಹಳೆಯ ಪೇಪರು ತುಂಬಿ, ಮೇಲೆ ಒಂದೊಂದು ಶಾಲಿನ ತುಂಡು ಹಾಸಿ, ಮೊದಲಿನಂತೆಯೇ ಪೇರಿಸಿಟ್ಟರು.

ಎರಡು ತಿಂಗಳ ಕೈಹೊಲಿಗೆ. ಕೋಟು ಮುಗಿದಾಗ ಅಣ್ಣ ಬುಡುಬುಡಿಕೆಯವನ ಕೋಟು ಎಂದು ಹಂಗಿಸಿದ. ಒಳಗೇನಿದೆ ಎಂದು ಕೇಳಲಿಲ್ಲ. ಅತ್ತಿಗೆಯ ಎದೆ ಮಾತ್ರ ಸುಮ್ಮನಾಯಿತು.

ಜನವರಿ ಕೊನೆಗೆ ಅರಕಲಗೂಡಿನಲ್ಲಿ ದಂಪತಿ ಸನ್ಮಾನ. ಅಲ್ಲಿನ ಸಂಘದ ಕಾರ್ಯದರ್ಶಿ ರುದ್ರಯ್ಯ ಫೋನ್ ಮಾಡಿ, "ಶಾಲು ನಿಮ್ಮತ್ರ ಇರೋದ್ರಲ್ಲೇ ಒಂದು ತಂದ್ಬುಡಿ ಸಾ," ಎಂದರು. ಇದೇನು ಹೊಸದಲ್ಲ. ತನ್ನ ಶಾಲನ್ನು ತಾನೇ ಹೊತ್ತುಕೊಂಡು ಹೋಗಿ ಹೊದಿಸಿಕೊಂಡು ಬರುವುದು ಇವರಲ್ಲಿ ನಡೆದುಬಂದ ಪದ್ಧತಿ. ಅಣ್ಣ ಮೇಲಿನ ಕವರೊಂದನ್ನು ಎತ್ತಿಕೊಂಡು, ಬಿಚ್ಚಿಯೂ ನೋಡದೆ ಬ್ಯಾಗಿಗೆ ಹಾಕಿದ. ಅತ್ತಿಗೆ ನೋಡಿದರು, ನಾನೂ ನೋಡಿದೆ. ಬಾಯಿ ಬಿಟ್ಟರೆ ಕೋಟು ಹೋಗುತ್ತಿತ್ತು. ಅತ್ತಿಗೆ ಅದನ್ನೇ ಹಾಕಿಕೊಂಡು ಬಸ್ಸು ಹತ್ತಿದರು. ಚಪ್ಪಾಳೆ ಹೊಡೆಯಲು ನಾನೂ ಹೋದೆ.

ವೇದಿಕೆಯಲ್ಲಿ ರುದ್ರಯ್ಯ ಅಣ್ಣನಿಗೆ ಹಾರ ಹಾಕಿ, ನಾಡಿನ ಆಸ್ತಿ ಎಂದು ಹೊಗಳಿ, ಕವರು ತೆರೆದರು. ಅಂಗೈಯಗಲದ ಶಾಲಿನ ತುಂಡು, ಅದರ ಹಿಂದೆ ಹಳೆಯ ಪೇಪರು ಅಣ್ಣನ ಕಾಲ ಮೇಲೆ ಬಿದ್ದವು. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಅಣ್ಣ ತುಂಡಿನ ಜರಿ ನೋಡಿದ. ಪಕ್ಕದಲ್ಲಿ ಕೂತಿದ್ದ ಅತ್ತಿಗೆಯ ಕೋಟಿನ ತೋಳಿನ ಮಡಿಕೆಯಲ್ಲಿ ಇಣುಕುತ್ತಿದ್ದ ಅದೇ ಜರಿಯನ್ನೂ ನೋಡಿದ. ಎಲ್ಲ ಅರ್ಥವಾಯಿತು. ಆಗಲೂ ಅವನಿಗೆ ಹೊಳೆದದ್ದು ಒಂದೇ. ತಾನೇ ಹಂಗಿಸಿದ್ದ ಆ ಕೋಟಿಗೆ ಕೈಚಾಚಿ, ಬಿಚ್ಚಿ ಕೊಡು, ಅದನ್ನೇ ಹೊದಿಸಲಿ ಎಂದ.

ಅತ್ತಿಗೆ ಕುತ್ತಿಗೆಯ ಹತ್ತಿರ ಬಿಟ್ಟಿದ್ದ ಗುಂಡಿಯನ್ನೂ ಹಾಕಿಕೊಂಡರು.

"ಇದು ಚಳಿಗೆ ಕಣ್ರೀ, ಸನ್ಮಾನಕ್ಕಲ್ಲ."

ಮುಂದಿನ ಸಾಲಿನಲ್ಲಿದ್ದ ನಮಗೆಲ್ಲ ಕೇಳಿಸಿತು. ಚಪ್ಪಾಳೆ ಹೊಡೆಯಲೆಂದೇ ಹೋಗಿದ್ದೆನಲ್ಲ, ಹೊಡೆದೆ. ಸಂಜೆ ವಾಪಸು ಬರುವಾಗ ಬಸ್ಸಿನ ಕಿಟಕಿ ಮುಚ್ಚಲಾಗಲಿಲ್ಲ. ಅತ್ತಿಗೆ ಒರಗಿ ನಿದ್ದೆ ಹೋದರು. ಅಣ್ಣ ಹಾರದ ಕೆಳಗೆ ಕೈ ಕಟ್ಟಿಕೊಂಡು ಊರು ಬರುವವರೆಗೂ ನಡುಗುತ್ತ ಕೂತಿದ್ದ.