ಬೃಹಸ್ಪತಿ ಕೂತ ಬಾಗಿಲು

ನನ್ನ ಅಳಿಯನಿಗೆ ಬೀದಿಯವರು ಇಟ್ಟ ಹೆಸರು ಬೃಹಸ್ಪತಿ. ಹೊಗಳಿ ಇಟ್ಟದ್ದಲ್ಲ. ಕೂತರೆ ಏಳುವ ಪೈಕಿಯಲ್ಲ ಅವನು. ಕ್ಷೌರದಂಗಡಿಯಲ್ಲಿ ಕೆಲಸ ಮುಗಿದ ಮೇಲೂ ಅದೇ ಕುರ್ಚಿಯಲ್ಲಿ ಕೂತು, ಕತ್ತರಿ ಹಿಡಿಯುವುದು ಹೇಗೆಂದು ಕ್ಷೌರಿಕನಿಗೇ ಹೇಳಿಕೊಡುತ್ತಾನೆ. ಮನೆಯಲ್ಲಿ ಗಾಳಿ ಬರುತ್ತದೆಂದು ಕುರ್ಚಿ ಹಾಕುವುದು ಬಾಗಿಲಿಗೆ ಅಡ್ಡ. ನೀರಿನ ಕೊಡ ಹೊತ್ತು ಬಂದರೂ ನಾವೇ ಓರೆಯಾಗಿ ನುಸುಳಬೇಕು.

ಮಗಳು ಆರು ತಿಂಗಳು ಕಲಿತು ಆಸ್ಪತ್ರೆಯೊಂದರ ಕೆಲಸ ಹಿಡಿದಳು. ಡಾಕ್ಟರು ಮಾತಾಡಿ ಕಳಿಸಿದ್ದನ್ನು ಮನೆಯಲ್ಲೇ ಕೂತು ಟೈಪ್ ಮಾಡುವುದು. ರೋಗಿಗಳ ಗುಟ್ಟು ಹೊರಬೀಳಬಾರದೆಂದು ವಿಪಿಎನ್ ಎಂಬ ಒಳದಾರಿಯಲ್ಲೇ ಹೋಗಬೇಕು. ಮೊದಲ ದಿನ ಹತ್ತರೊಳಗೆ ಹಾಜರಾಗದಿದ್ದರೆ ಕೆಲಸ ಇನ್ನೊಬ್ಬಳಿಗೆ ಎಂದಿದ್ದರು.

ಒಂಬತ್ತಕ್ಕೆ ಕೂತಳು. ಸಂಪರ್ಕ ಸಿಗಲಿಲ್ಲ. ಪೋರ್ಟ್ ಆಗಲೇ ಬಳಕೆಯಲ್ಲಿದೆ ಎಂದು ಕಂಪ್ಯೂಟರು ಬರೆದು ತೋರಿಸುತ್ತಿತ್ತು. ಬೃಹಸ್ಪತಿ ಅದನ್ನು ಓದುವ ಗೊಡವೆಗೆ ಹೋಗಲಿಲ್ಲ. ಅವಳನ್ನು ಎಬ್ಬಿಸಿ ತಾನು ಕೂತ. ವೈರು ಕಿತ್ತು ಚುಚ್ಚಿದ, ಕೇಬಲ್‌ನವನಿಗೆ ಫೋನ್ ಮಾಡಿ ಅವನ ಜನ್ಮ ಜಾಲಾಡಿದ, ಮೂರು ಸಲ ಕಂಪ್ಯೂಟರು ಆಫ್ ಮಾಡಿ ಆನ್ ಮಾಡಿದ. ಆಸ್ಪತ್ರೆಯವರನ್ನೇ ಕೇಳೋಣವೆಂದು ನಾನು ಬಾಯಿ ಹಾಕಿದೆ.

"ಅತ್ತೆ, ಇದೆಲ್ಲ ನಿಮಗೆ ತಿಳಿಯಲ್ಲ. ಸುಮ್ನಿರಿ."

ಹತ್ತಕ್ಕೆ ಕಾಲು ಗಂಟೆಯಿತ್ತು. ಮಗಳು ಕಣ್ಣೊರೆಸಿಕೊಂಡು ಆಸ್ಪತ್ರೆಗೆ ಫೋನ್ ಮಾಡಿಯೇಬಿಟ್ಟಳು. ಅತ್ತಲಿಂದ ಒಬ್ಬ ಹುಡುಗಿ ನಿಧಾನವಾಗಿ ಒಂದು ಸಾಲು ಟೈಪ್ ಮಾಡಿಸಿದಳು. ಪೋರ್ಟ್ ಅಂದರೆ ಕಂಪ್ಯೂಟರಿನೊಳಗಿನ ನಂಬರಿನ ಬಾಗಿಲಂತೆ, ಒಂದರಲ್ಲಿ ಒಬ್ಬರೇ. ಯಾವುದರಲ್ಲಿ ಯಾರಿದ್ದಾರೆಂಬ ಪಟ್ಟಿ ಬಂತು. ಮಗಳು ಓದಿ ಹೇಳಿದ್ದಕ್ಕೆ ಆ ಹುಡುಗಿ ಅಂದಳು:

"ಮೇಡಂ, ನಮ್ಮ ಬಾಗ್ಲಲ್ಲಿ ಬೇರೆ ವಿಪಿಎನ್ ಕೂತಿದೆ. ಯಾರು ಹಾಕಿದ್ದು?"

ಮಗಳು ಗಂಡನ ಮುಖ ನೋಡಿದಳು. ಪರದೇಶದ ಪಂದ್ಯ ಪುಕ್ಕಟೆ ನೋಡಲು ಅವನು ಹಾಕಿಕೊಂಡದ್ದಂತೆ. ಮೂಲೆಯ ಗುಣಾಕಾರದ ಗುರುತು ಒತ್ತಿದರೆ ಮುಗಿಯಿತೆಂದು ಅವನ ಲೆಕ್ಕ. ಅದೋ, ಪರದೆಯ ಮೂಲೆಯಲ್ಲಿ ಗಡಿಯಾರದ ಪಕ್ಕ ಅಡಗಿ ಕೂತು, ಕಂಪ್ಯೂಟರು ಆನ್ ಮಾಡಿದಾಗಲೆಲ್ಲ ಎಲ್ಲರಿಗಿಂತ ಮೊದಲು ಬಂದು ಬಾಗಿಲು ಹಿಡಿಯುತ್ತಿತ್ತು. ಸಾಕಿದವನ ಬುದ್ಧಿಯೇ ಅದಕ್ಕೂ.

"ನಾನು ಅದನ್ನ ಕ್ಲೋಸ್ ಮಾಡಿದ್ದೆ ಕಣೆ," ಎಂದ.

"ಕಣ್ಣಿಗೆ ಕಾಣೋದನ್ನ ಮಾತ್ರ ಮುಚ್ಚಿದ್ರಿ. ಈಗ ಏಳಿ."

ಎದ್ದ. ಮಗಳು ಆ ಶನಿಯನ್ನು ಬುಡಸಮೇತ ಕಿತ್ತಳು. ಹತ್ತಕ್ಕೆ ಮೂರು ನಿಮಿಷವಿರುವಾಗ ಸಂಪರ್ಕ ಸಿಕ್ಕಿತು, ಕೆಲಸ ಉಳಿಯಿತು.

ಪೋರ್ಟಿನ ತೊಂದರೆಯನ್ನು ತಾನು ಪತ್ತೆ ಹಚ್ಚಿದ ಬಗೆಯನ್ನು ಬೃಹಸ್ಪತಿ ಅಂದೇ ಸಂಜೆ ಕ್ಷೌರದಂಗಡಿಯಲ್ಲಿ ವಿವರಿಸುತ್ತಿದ್ದನಂತೆ, ಕುರ್ಚಿ ಬಿಟ್ಟು ಏಳದೆ. ಇತ್ತ ಮಗಳು ಪಾಸ್‌ವರ್ಡ್ ಬದಲಿಸಿದಳು. ಬಾಗಿಲಲ್ಲಿದ್ದ ಅವನ ಕುರ್ಚಿಯನ್ನು ಎತ್ತಿ ತಂದು ತನ್ನ ಮೇಜಿನ ಮುಂದೆ ಹಾಕಿಕೊಂಡಳು.