ಕಂಪ್ಯೂಟರಿಗೆ ಸ್ಪೀಡು ಏರಿಸಿದ್ದು

ನಂದು ಮಸ್ಕಿಯಾಗ ಮದುವಿ ಕಾರ್ಡಿನ ಅಂಗಡಿ. ಕೆಲಸ ದೌಡು ಆಗಲಿ ಅಂತ, ಭಾಳ ಶಾಣ್ಯಾನಂಗ ವಿಡಿಯೋ ನೋಡಿ ಕಂಪ್ಯೂಟರಿನ ಪ್ರೊಸೆಸರಿಗೆ ಮಿತಿಮೀರಿ ಸ್ಪೀಡು ಏರಿಸಿದೆ. ಪರದೆ ಕಪ್ಪಗಾತು. ಆಮ್ಯಾಲೆ ಏನ್ ಮಾಡಿದ್ರೂ ಚಾಲೂ ಆಗಲಿಲ್ಲ.

ಮಗಳ ಕಾರ್ಡು ಮಾಡಿಸಾಕ ಲಿಂಗಸುಗೂರಿನಿಂದ ಬಂದಿದ್ದ, ನಾ ಖಾಲಾ ಅಂತ ಕರಿಯೋ ಹಿರೇ ಹೆಣ್ಮಗಳು ಎದುರಿಗೇ ಕುಂತಿದ್ರು. "ಬಸ್ಸಿನ ಹೊತ್ತಾತು, ಬೇಟಾ."

"ಐದ್ ಮಿನಿಟ್ರಿ ಖಾಲಾ," ಅಂತ ಸಿಪಿಯು ಬಿಚ್ಚಿ, ಒಳಗಿದ್ದ ನಾಣ್ಯದಂಥ ಸೆಲ್ಲು ತಗದು, ಸ್ವಲ್ಪ ತಡದು ಮತ್ತ ಹಾಕಿದೆ. ನಾ ಏರಿಸಿದ್ದ ಸ್ಪೀಡೆಲ್ಲ ಮರತು ಕಂಪ್ಯೂಟರು ಚಾಲೂ ಆತು! ಬೆವರು ಒರಸಿಕೊಂಡು, ಗೆದ್ದವರಂಗ ಖಾಲಾನ ಕಡೆ ನೋಡಿದೆ.

ಅವರು ಪರದೆಯ ಮೂಲ್ಯಾಗಿನ ತಾರೀಖು ಓದಾಕತ್ತಿದ್ರು. ಸೆಲ್ಲು ತಗದಿದ್ದಕ್ಕ ಅದು ಹತ್ತು ವರ್ಷ ಹಿಂದಕ್ಕ ಹೋಗಿತ್ತು.

"ಇದರ ಪ್ರಕಾರ ನನ್ನ ಮಗಳು ಇನ್ನೂ ಏಳನೇ ಕ್ಲಾಸಿನ್ಯಾಗ ಓದಾಕತ್ತಾಳ. ಶಾದಿಗೆ ಅವಸರಿಲ್ಲ ಬಿಡು, ಬೇಟಾ. ನೀ ಆರಾಮ ಮಾಡು."