ಮೀನಿನ ಮನೆಯ ಗುಲಾಬಿ ಬತ್ತಿ

ಬೀದಿಯವರೆಲ್ಲ ಆಕೆಯನ್ನು ಗುಲಾಬಿಯಕ್ಕ ಎಂದೇ ಕರೆಯುತ್ತಿದ್ದರು. ಗಂಡ ಮೀನು ಮಾರುವವನು. ಎಷ್ಟು ಸೋಪು ತಿಕ್ಕಿದರೂ ಕೈಯ ವಾಸನೆ ಹೋಗದು. ಮದುವೆಯಾದ ಹೊಸತರಲ್ಲಿ ನೆರೆಯವಳೊಬ್ಬಳು ಮೂಗು ಮುಚ್ಚಿಕೊಂಡೇ ಮಾತಾಡಿಸಿದಾಗ ಈಕೆಯ ಮುಖ ಸಣ್ಣದಾಗಿತ್ತು. ಅಂದಿನಿಂದ ದಿನಾ ಸಂಜೆ ಘಮ್ಮೆನ್ನುವ ಗುಲಾಬಿ ಮೇಣದಬತ್ತಿ ಹಚ್ಚತೊಡಗಿದಳು. ತಲೆ ನರೆತರೂ ಆ ಅಭ್ಯಾಸ ಬಿಡಲಿಲ್ಲ.

ಈಗ ಮಗಳು ಕೆಲಸ ಮುಗಿಸಿ ಬರುವವರೆಗೆ ಪುಟ್ಟ ಮೊಮ್ಮಗಳು ಇವಳ ಹತ್ತಿರ ಇರುತ್ತಿದ್ದಳು. ಮಗುವಿಗೆ ಕೆಮ್ಮು ಹತ್ತಿತು, ಉಸಿರು ಸುಯ್‌ಗುಟ್ಟಿತು. ಹೊಗೆ, ಗಾಟು ವಾಸನೆ ಹತ್ತಿರ ಬರಬಾರದು ಎಂದರು ಡಾಕ್ಟರು.

“ಕಡಿಮೆ ಆಗದಿದ್ರೆ ಮಗೂನ ಬೇರೆ ಕಡೆ ಬಿಡ್ತೀನಮ್ಮ” ಎಂದಳು ಮಗಳು. ಗುಲಾಬಿಯಕ್ಕ ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

ವಾಸನೆ ಎಂದೊಡನೆ ಆಕೆಗೆ ಹೊಳೆದದ್ದು ಒಂದೇ. “ರೀ, ಮಗು ಹೋಗೋ ತನಕ ಅಂಗಡೀಲೇ ಇರಿ” ಎಂದಳು ಗಂಡನಿಗೆ. ಪಾಪ, ಅವನು ಒಪ್ಪಿದ. ಸಾಲದ್ದಕ್ಕೆ ಈ ಮಹಾತಾಯಿ ಕಿಟಕಿ ಮುಚ್ಚಿ, ಒಂದರ ಜೊತೆಗೆ ಇನ್ನೊಂದು ಬತ್ತಿ ಹಚ್ಚಿದಳು! ಕೆಮ್ಮು ಜೋರಾಯಿತು.

ಒಂದು ಸಂಜೆ ಮಗುವಿನ ಮೂಗು ಒರೆಸಿದರೆ ಬಿಳಿ ಕರವಸ್ತ್ರಕ್ಕೆ ಮಸಿ ಹತ್ತಿತು. ಬತ್ತಿಯ ಹಿಂದಿನ ಗೋಡೆಯಲ್ಲೂ ಅದೇ ಕಪ್ಪು. ವರ್ಷಗಟ್ಟಲೆ ಅದನ್ನು ಒರೆಸುತ್ತ ಬಂದವಳು ತಾನೇ. ನಾಚಿಕೆಯಿಂದ ಕುಗ್ಗಿಹೋದಳು. ಬತ್ತಿ ಆರಿಸಿ, ಕಿಟಕಿ ತೆರೆದು, ಮಗುವನ್ನೆತ್ತಿಕೊಂಡು ಮೇಣದಬತ್ತಿ ಮಾರುವ ಅಂಗಡಿಗೆ ಹೊರಟಳು.

ಆಗಾಗ ಕರೆಂಟು ಹೋಗುವ ಮನೆ, ಮೇಣದಬತ್ತಿ ಇಲ್ಲದೆ ಆಗದು. ಅಂಗಡಿಯಾಕೆ ಹೇಳಿದಳು: “ಜೇನುಮೇಣದ್ದು ತಗೊಳ್ಳಿ ಅಕ್ಕ, ಪರಿಮಳ ಬೆರೆಸಿಲ್ಲ, ಒಳಗಿರೋದು ಹತ್ತಿದಾರ. ತುದಿ ಕತ್ತರಿಸಿ ಹಚ್ಚಿ, ಗಾಳಿ ಬೀಸೋ ಕಡೆ ಇಡಬೇಡಿ. ಆದ್ರೂ ಹೊಗೆ ಹೊಗೇನೇ, ಬೇಕಾದಾಗ ಮಾತ್ರ ಹಚ್ಚಿ.”

ಅಲ್ಲಿಂದ ನೆಟ್ಟಗೆ ಗಂಡನ ಮೀನಂಗಡಿಗೆ ಹೋದಳು. ಅವನು ಖಾಲಿ ಪೆಟ್ಟಿಗೆಯ ಮೇಲೆ ಕೂತಿದ್ದ.

“ಮನೆಗೆ ನಡೀರಿ.”

“ವಾಸನೆ?”

“ತೊಂದರೆ ಕೊಟ್ಟಿದ್ದು ನಿಮ್ಮದಲ್ಲ, ನನ್ನ ಬತ್ತೀದು” ಎನ್ನುವಾಗ ಅವಳ ಕಣ್ಣು ತುಂಬಿತು.

ಅವನು ತಲೆ ಕೆರೆದುಕೊಂಡ. “ಆ ಗುಲಾಬಿಗೆ ನಂಗೂ ದಿನಾ ತಲೆನೋವು ಬರ್ತಿತ್ತು ಕಣೇ.”

“ಬಾಯಿ ಬಿಡೋಕೇನಾಗಿತ್ತು?”

“ನಿಂಗಿಷ್ಟ ಅಂದ್ಕೊಂಡಿದ್ದೆ.”

ಅವಳಿಗೂ ಅದು ಒಂದು ದಿನವೂ ಇಷ್ಟವಾಗಿರಲಿಲ್ಲ.

ಬರಬರುತ್ತ ಕೆಮ್ಮು ಇಳಿಯಿತು. ಮಗಳು ಬೇರೆ ಕಡೆಯ ಮಾತೆತ್ತಲಿಲ್ಲ. ಒಂದು ಸಂಜೆ ಕರೆಂಟು ಹೋಯಿತು. ಗುಲಾಬಿಯಕ್ಕ ಬೆಂಕಿಪೊಟ್ಟಣ ತಡಕಾಡುತ್ತಿದ್ದಾಗಲೇ ಬಾಗಿಲು ಸದ್ದಾಯಿತು. “ಅಜ್ಜ!” ಎಂದು ಮಗು ಕತ್ತಲಲ್ಲೇ ಓಡಿತು.

“ಕಾಣದೇನೇ ಹೇಗೆ ಗೊತ್ತಾಯ್ತೇ?” ಅಜ್ಜಿ ಕೇಳಿದಳು.

“ಮೀನ್ ವಾಸನೆ ಬಂತಲ್ಲ!”

ಗುಲಾಬಿಯಕ್ಕ ಬೆಂಕಿಪೊಟ್ಟಣ ಹುಡುಕುವುದನ್ನು ಬಿಟ್ಟು ತಾನೂ ಆ ವಾಸನೆಯತ್ತ ನಡೆದಳು.